8085 ಕಿಟ್‌ನಲ್ಲಿ ವಿಳಾಸದ ಕೆಳ ಬೈಟ್ ಮೊದಲು ಏಕೆ?

ಪ್ರಶ್ನೆ: ನಾನು ಹಾಸನದ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಲ್ಯಾಬ್‌ನಲ್ಲಿ 8085 ಎಂಬ ಇಂಟೆಲ್ ಪ್ರೊಸೆಸರ್ ಚಿಪ್ ಇರುವ ಕಿಟ್‌ಗೆ ‘ಎಲ್‌ಡಿಎ 2050’ (2050ನೇ ವಿಳಾಸದ ಮೆಮೊರಿಯಲ್ಲಿರುವುದನ್ನು ಎ ರಿಜಿಸ್ಟರ್‌ಗೆ ತಾ) ಎಂಬ ಆದೇಶ ಕೊಡಬೇಕಾದರೆ ಆದೇಶದ ಸಂಕೇತ 3ಎ ಒತ್ತಿ, ಆಮೇಲೆ 50, ಕೊನೆಗೆ 20 ಒತ್ತಬೇಕು. ವಿಳಾಸದ ಎರಡು ಬೈಟ್‌ಗಳನ್ನು (ಎಂಟೆಂಟು ಬಿಟ್‌ಗಳ ತುಂಡುಗಳನ್ನು) ಹೀಗೆ ಹಿಂದುಮುಂದಾಗಿ ಕೊಡುವುದೇಕೆ ಎಂದು ಕೇಳಿದರೆ ‘ಇಂಟೆಲ್‌ನವರು ಹಾಗೆ ಮಾಡಿದ್ದಾರೆ’ ಎಂಬ ಉತ್ತರವಷ್ಟೇ ಸಿಗುತ್ತದೆ. ಪ್ರೊಸೆಸರ್ ಒಳಗೆ ಸಂಖ್ಯೆ ಹಿಡಿದಿಡುವ ರಿಜಿಸ್ಟರ್‌ಗಳ ಹೆಸರೂ ಎ, ಬಿ, ಸಿ, ಡಿ, ಇ ಆದ ಮೇಲೆ ಎಚ್ ಮತ್ತು ಎಲ್‌ಗೆ ಹಾರುತ್ತದೆ. ನಮ್ಮ ನೋಟ್ಸ್‌ನಲ್ಲಿ 4004, 8008, 8080, 8085, 8086 ಎಂದು ಇಂಟೆಲ್ ಚಿಪ್‌ಗಳನ್ನು ಬಾಣಗಳಿಂದ ಜೋಡಿಸಿದ ಚಿತ್ರವಿದೆ. ಒಂದರಿಂದ ಇನ್ನೊಂದು ಬೆಳೆದು ಬಂತೆಂದು ಪರೀಕ್ಷೆಯಲ್ಲಿ ಬರೆಯಬಹುದೇ?

ಉತ್ತರ: ಬಾಣದ ಚಿತ್ರದಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಎರಡು ಪ್ರಶ್ನೆಗಳ ಉತ್ತರ ಆ ಚಿತ್ರದಲ್ಲಿರುವ ತಪ್ಪಿನಲ್ಲೇ ಅಡಗಿದೆ. 8008ರಿಂದ 8080, ಅಲ್ಲಿಂದ 8085 ಎಂಬ ಬಾಣಗಳು ಸರಿ. 8086ಕ್ಕೆ ಹೋಗುವ ಬಾಣಕ್ಕೆ ಸಣ್ಣ ತಿದ್ದುಪಡಿ ಬೇಕು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. 4004ರಿಂದ 8008ಕ್ಕೆ ಹಾಕಿದ ಮೊದಲ ಬಾಣ ಸರಿಯೇ ಅಲ್ಲ. ಎರಡೂ ಒಂದೇ ಕಂಪನಿಯಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ತಯಾರಾದ ಚಿಪ್‌ಗಳು ಎಂಬುದು ನಿಜ. ಆದರೆ 8008 ಯಾವ ಆದೇಶಗಳನ್ನು ಪಾಲಿಸಬೇಕು, ಅದರಲ್ಲಿ ಯಾವ ರಿಜಿಸ್ಟರ್‌ಗಳಿರಬೇಕು ಎಂಬುದನ್ನು ನಿರ್ಧರಿಸಿದ್ದು ಇಂಟೆಲ್ ಅಲ್ಲ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಟರ್ಮಿನಲ್ (ದೂರದ ಕಂಪ್ಯೂಟರ್ ಬಳಸಲು ಬೇಕಾದ ಕೀಲಿಮಣೆ ಮತ್ತು ಪರದೆ) ತಯಾರಿಸುತ್ತಿದ್ದ ಒಂದು ಸಣ್ಣ ಕಂಪನಿ ಅದನ್ನು ನಿರ್ಧರಿಸಿತ್ತು. ನೀವು ಲ್ಯಾಬ್‌ನಲ್ಲಿ 50 ಆದ ಮೇಲೆ 20 ಒತ್ತುವಾಗ ಪಾಲಿಸುತ್ತಿರುವುದು ಆ ಕಂಪನಿಯ ಕಟ್ಟಳೆಯನ್ನು.

ಮೊದಲು 4004ರ ಕಥೆ ನೋಡೋಣ. 1969ರ ಜೂನ್‌ನಲ್ಲಿ ಜಪಾನಿನ ಬಿಸಿಕಾಂ ಎಂಬ ಕ್ಯಾಲ್ಕುಲೇಟರ್ ಕಂಪನಿಯ ಎಂಜಿನಿಯರುಗಳು ಕ್ಯಾಲಿಫೋರ್ನಿಯಾದ ಇಂಟೆಲ್‌ಗೆ ಬಂದರು. ಇಂಟೆಲ್ ಸ್ಥಾಪನೆಯಾಗಿ ಆಗಿನ್ನೂ ಒಂದು ವರ್ಷ. ಅದರ ವ್ಯಾಪಾರವೆಲ್ಲ ಮೆಮೊರಿ ಚಿಪ್‌ಗಳದ್ದು. ಬಂದವರಲ್ಲಿ ಮಸಾತೋಶಿ ಶಿಮಾ ಎಂಬ ಯುವಕನಿದ್ದ. ಮುದ್ರಿಸುವ ಕ್ಯಾಲ್ಕುಲೇಟರಿಗಾಗಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಚಿಪ್ ಬೇಕೆಂಬ ಯೋಜನೆಯನ್ನು ಆತ ಜೊತೆಗೆ ತಂದಿದ್ದ. ಅಷ್ಟು ಚಿಪ್‌ಗಳನ್ನು ವಿನ್ಯಾಸ ಮಾಡುವಷ್ಟು ಜನ ಇಂಟೆಲ್‌ನಲ್ಲಿ ಇರಲಿಲ್ಲ. ಟೆಡ್ ಹಾಫ್ ಇದಕ್ಕೊಂದು ದಾರಿ ಸೂಚಿಸಿದರು: ಕ್ಯಾಲ್ಕುಲೇಟರಿನ ಬುದ್ಧಿಯನ್ನು ತಂತಿಗಳಲ್ಲಿ ಹೆಣೆಯುವುದು ಬೇಡ, ಸರಳವಾದ ಒಂದು ಪ್ರೊಸೆಸರ್ ಮಾಡೋಣ, ಉಳಿದದ್ದನ್ನು ಮೆಮೊರಿಯಲ್ಲಿ ಕುಳಿತ ಪ್ರೋಗ್ರಾಂ ನೋಡಿಕೊಳ್ಳಲಿ. ಕೆಲವೇ ಆದೇಶಗಳಿದ್ದರೂ ಪ್ರೋಗ್ರಾಂ ಬಲದಿಂದ ದೊಡ್ಡ ಕೆಲಸ ಮಾಡುತ್ತಿದ್ದ ಪಿಡಿಪಿ-8 ಮಿನಿ ಕಂಪ್ಯೂಟರನ್ನು ಹಾಫ್ ಬಳಸಿ ಬಲ್ಲವರಾಗಿದ್ದರು. ಸ್ಟ್ಯಾನ್ ಮೇಜರ್ ಅವರೊಂದಿಗೆ ಸೇರಿ ಈ ಕಲ್ಪನೆಗೆ ರೂಪ ಕೊಟ್ಟರು.

ಕಾಗದದ ಮೇಲಿನ ಈ ಕಲ್ಪನೆಯನ್ನು ಸಿಲಿಕಾನ್‌ಗೆ ಇಳಿಸಿದವರು ಫೆಡೆರಿಕೊ ಫ್ಯಾಜಿನ್. ಇಟಲಿಯಿಂದ ಬಂದ ಅವರು 1970ರ ಏಪ್ರಿಲ್‌ನಲ್ಲಿ ಇಂಟೆಲ್ ಸೇರಿದರು. ಅವರು ಸೇರಿದ ಕೆಲವೇ ದಿನಗಳಲ್ಲಿ ಶಿಮಾ ಕೆಲಸದ ಪ್ರಗತಿ ನೋಡಲು ಜಪಾನಿನಿಂದ ಬಂದಿಳಿದ. ನೋಡಿದರೆ ತಿಂಗಳುಗಳು ಕಳೆದರೂ ಕೆಲಸ ಒಂದಿಂಚೂ ಮುಂದೆ ಹೋಗಿರಲಿಲ್ಲ. ಸಿಟ್ಟಾದ ಗಿರಾಕಿಯೇ ಕೊನೆಗೆ ಅಲ್ಲೇ ಉಳಿದು ಫ್ಯಾಜಿನ್‌ಗೆ ನೆರವಾಗಿ ನಿಂತ, ತಿಂಗಳುಗಟ್ಟಲೆ ಲಾಜಿಕ್ ಬಿಡಿಸಿದ. ಇತಿಹಾಸದ ಪುಟಗಳಲ್ಲಿ ಶಿಮಾ ಹೆಸರು ಹಲವೆಡೆ ಬಿಟ್ಟುಹೋಗುತ್ತದೆ. ನನಗೆ ಅದು ನೋವಿನ ಸಂಗತಿ. 1997ರ ಕ್ಯೋಟೊ ಪ್ರಶಸ್ತಿಯನ್ನು ಹಾಫ್, ಮೇಜರ್, ಫ್ಯಾಜಿನ್ ಅವರೊಂದಿಗೆ ಶಿಮಾಗೂ ಕೊಟ್ಟದ್ದು ನ್ಯಾಯವಾದ ತೀರ್ಮಾನ.

ಆ ಕಾಲದಲ್ಲಿ ಚಿಪ್‌ನ ನಕ್ಷೆಯನ್ನು ಕೈಯಲ್ಲೇ ಬಿಡಿಸಬೇಕಿತ್ತು. ನೂರಾರು ಪಟ್ಟು ಹಿಗ್ಗಿಸಿದ ನಕ್ಷೆಯ ಪ್ರಕಾರ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಚೂಪಾದ ಅಲಗಿನಿಂದ ಕತ್ತರಿಸಿ, ಬೇಡದ ಭಾಗ ಸುಲಿದು, ಅದನ್ನು ಕ್ಯಾಮೆರಾದಿಂದ ಕುಗ್ಗಿಸಿ, ಸಿಲಿಕಾನ್ ಮೇಲೆ ನಕ್ಷೆ ಮೂಡಿಸುವ ಅಚ್ಚು, ಅಂದರೆ ಮಾಸ್ಕ್ ಮಾಡುತ್ತಿದ್ದರು. 1970ರ ಡಿಸೆಂಬರ್ ಕೊನೆಯಲ್ಲಿ 4004ರ ಮೊದಲ ವೇಫರ್‌ಗಳು (ಹಲವು ಚಿಪ್‌ಗಳನ್ನು ಒಟ್ಟಿಗೆ ಮೂಡಿಸಿದ ಸಿಲಿಕಾನ್ ಬಿಲ್ಲೆಗಳು) ಬಂದವು. ಒಂದೂ ಕೆಲಸ ಮಾಡಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾರಣ ಸಿಕ್ಕಿತು: ತಯಾರಿಕೆಯಲ್ಲಿ ಒಂದು ಮಾಸ್ಕ್ ಪದರವನ್ನೇ ಹಾಕಿರಲಿಲ್ಲ. ಮುಂದಿನ ತಿಂಗಳು ಬಂದ ವೇಫರ್‌ಗಳು ಕೆಲಸ ಮಾಡಿದವು. 2,300 ಟ್ರಾನ್ಸಿಸ್ಟರ್, 16 ಕಾಲುಗಳ ಪ್ಯಾಕೇಜ್, ಹೆಚ್ಚೆಂದರೆ 740 ಕಿಲೋಹರ್ಟ್ಸ್ ವೇಗ. ಚಿಪ್‌ನ ಅಂಚಿನಲ್ಲಿ ಫ್ಯಾಜಿನ್ ತಮ್ಮ ಹೆಸರಿನ ಎರಡು ಮೊದಲಕ್ಷರಗಳನ್ನು ಕೆತ್ತಿದರು. ಅವರು ಇಂಟೆಲ್ ಬಿಟ್ಟು ಎದುರಾಳಿ ಕಂಪನಿ ಕಟ್ಟಿದ ಮೇಲೆ ಇಂಟೆಲ್ ಬಹುಕಾಲ ಅವರ ಪಾಲನ್ನು ಹೇಳದೆ ಬಿಟ್ಟಿತು. ಆಗಲೂ ಆ ಎರಡಕ್ಷರಗಳು ಪ್ರತಿ 4004ರ ಮೇಲೂ ಸಾಕ್ಷಿ ಹೇಳುತ್ತಿದ್ದವು.

ಚಿಪ್‌ನ ಹಕ್ಕು ಮೊದಲು ಬಿಸಿಕಾಂ ಒಂದಕ್ಕೇ ಸೇರಿತ್ತು. ಆ ಕಂಪನಿ ಹಣದ ಬಿಕ್ಕಟ್ಟಿಗೆ ಸಿಕ್ಕಿ ಬೆಲೆ ಇಳಿಸಲು ಕೇಳಿದಾಗ, ಕ್ಯಾಲ್ಕುಲೇಟರ್ ಹೊರತಾದ ಬಳಕೆಗೆ ಚಿಪ್ ಮಾರುವ ಹಕ್ಕನ್ನು ಇಂಟೆಲ್ ಪಡೆದುಕೊಂಡಿತು. 1971ರ ನವೆಂಬರ್ 15ರಂದು ಜಾಹೀರಾತು ಬಂತು. ಯಾರು ಬೇಕಾದರೂ ಹಣ ಕೊಟ್ಟು ಕೊಳ್ಳಬಹುದಾದ ಪ್ರೊಸೆಸರ್ ಚಿಪ್ ಎಂಬ ಅರ್ಥದಲ್ಲಿ 4004 ಮೊದಲನೆಯದು ಎನ್ನುವುದು ಇದಕ್ಕಾಗಿಯೇ.

ಈಗ ಟೆಕ್ಸಾಸ್‌ಗೆ ಬರೋಣ. ಆ ಟರ್ಮಿನಲ್ ಕಂಪನಿಯ ಹೆಸರು ಕಂಪ್ಯೂಟರ್ ಟರ್ಮಿನಲ್ ಕಾರ್ಪೊರೇಷನ್. ಫಿಲ್ ರೇ ಮತ್ತು ಗಸ್ ರೋಷ್ ಅದನ್ನು ಕಟ್ಟಿದವರು. ಅವರು 1970ರಲ್ಲಿ ಪ್ರಕಟಿಸಿದ ಡೇಟಾಪಾಯಿಂಟ್ 2200 ನೋಡುವುದಕ್ಕೆ ಮೇಜಿನ ಮೇಲಿನ ಟರ್ಮಿನಲ್. ಕೀಲಿಮಣೆ, ಸಾಲಿಗೆ 80 ಅಕ್ಷರದಂತೆ 12 ಸಾಲು ತೋರಿಸುವ ಪರದೆ, ಎರಡು ಕ್ಯಾಸೆಟ್ ಡ್ರೈವ್. ಆದರೆ ಒಳಗೆ ಪ್ರೋಗ್ರಾಂ ಓಡಿಸುವ ಪೂರ್ಣ ಕಂಪ್ಯೂಟರ್ ಇತ್ತು. ಕ್ಯಾಸೆಟ್ ಬದಲಿಸಿದರೆ ಟರ್ಮಿನಲ್ ಬೇರೊಂದು ಕಂಪನಿಯ ಟರ್ಮಿನಲ್ಲಿನಂತೆ ವರ್ತಿಸುತ್ತಿತ್ತು. ಅದರ ಆದೇಶಗಳನ್ನು ರೂಪಿಸಿದವರು ವಿಕ್ಟರ್ ಪೂರ್ ಮತ್ತು ಹ್ಯಾರಿ ಪೈಲ್. 8 ಬಿಟ್‌ನ ಏಳು ರಿಜಿಸ್ಟರ್‌ಗಳು: ಎ, ಬಿ, ಸಿ, ಡಿ, ಇ, ಎಚ್, ಎಲ್. ಹೌದು, ನಿಮ್ಮ ಕಿಟ್‌ನಲ್ಲಿರುವ ಏಳೂ ಇವೇ. ಎಚ್ ಎಂದರೆ ಮೆಮೊರಿ ವಿಳಾಸದ ಮೇಲ್ಭಾಗ, ಎಲ್ ಎಂದರೆ ಕೆಳಭಾಗ. ‘ಹೈ’ ಮತ್ತು ‘ಲೋ’ ಎಂಬುದರ ಮೊದಲಕ್ಷರಗಳು. ವರ್ಣಮಾಲೆಯ ಸರಣಿ ಮುರಿದದ್ದು ಅವುಗಳಿಗೆ ವಿಳಾಸ ಹಿಡಿದಿಡುವ ವಿಶೇಷ ಕೆಲಸವಿದ್ದುದರಿಂದ.

ಕೆಳ ಬೈಟ್ ಮೊದಲು ಬಂದ ಕಾರಣವೂ ಇದೇ ಯಂತ್ರದ ಹೊಟ್ಟೆಯಲ್ಲಿದೆ. ಅಗ್ಗವಾಗಲೆಂದು ಡೇಟಾಪಾಯಿಂಟ್ 2200ರಲ್ಲಿ ಮೆಮೊರಿಗೆ ಇಂಟೆಲ್‌ನ ಷಿಫ್ಟ್ ರಿಜಿಸ್ಟರ್ ಚಿಪ್‌ಗಳನ್ನು ಬಳಸಿದ್ದರು. ಒಂದು ಚಿಪ್‌ನಲ್ಲಿ 512 ಬಿಟ್‌ಗಳು ಸಾಲಾಗಿ ಸುತ್ತುತ್ತಲೇ ಇರುತ್ತವೆ, ಬೇಕಾದ ಬಿಟ್ ಬಾಗಿಲಿಗೆ ಬರುವವರೆಗೆ ಕಾಯಬೇಕು. ಲೆಕ್ಕ ಮಾಡುವ ಭಾಗವೂ ಒಂದೇ ಬಿಟ್ ಅಗಲದ್ದು. ಎಂಟು ಬಿಟ್‌ಗಳನ್ನು ಕೂಡಿಸಲು ಅದೇ ಸರ್ಕ್ಯೂಟ್ ಎಂಟು ಬಾರಿ ದುಡಿಯುತ್ತಿತ್ತು. ಕಾಗದದ ಮೇಲೆ ಕೂಡುವಾಗ ನಾವು ಬಿಡಿ ಸ್ಥಾನದಿಂದ ಆರಂಭಿಸಿ ‘ಕೈಯಲ್ಲಿ ಒಂದು’ ಎಂದು ಎಡಕ್ಕೆ ಹೋಗುವಂತೆ, ಈ ಸರ್ಕ್ಯೂಟಿಗೂ ಅತಿ ಕೆಳಗಿನ ಬಿಟ್ ಮೊದಲು ಸಿಗಬೇಕು. ಇಲ್ಲದಿದ್ದರೆ ಕ್ಯಾರಿಯನ್ನು ಎಲ್ಲಿಗೆ ಸೇರಿಸುವುದೆಂದೇ ತಿಳಿಯುವುದಿಲ್ಲ. ಎರಡು ಬೈಟ್‌ನ ವಿಳಾಸ ಬಂದಾಗಲೂ ಇದೇ ತರ್ಕ: ಕೆಳ ಬೈಟ್ ಮೊದಲು, ಮೇಲಿನ ಬೈಟ್ ನಂತರ. ಬಿಟ್‌ಗಳು ಒಂದೊಂದಾಗಿ ಬರುವ ಯಂತ್ರಕ್ಕೆ ಇದಕ್ಕಿಂತ ಸಹಜವಾದ ಕ್ರಮವಿಲ್ಲ.

ಈ ಪ್ರೊಸೆಸರ್‌ಗೆ ಸುಮಾರು ನೂರು ಟಿಟಿಎಲ್ ಚಿಪ್‌ಗಳು, ಅಂದರೆ ತಲಾ ಸ್ವಲ್ಪವೇ ಲಾಜಿಕ್ ಇರುವ ಸಣ್ಣ ಚಿಪ್‌ಗಳು, ಬೇಕಾಗುತ್ತಿದ್ದವು. ಅವೆಲ್ಲವನ್ನೂ ಒಂದೇ ಚಿಪ್‌ಗೆ ಇಳಿಸಿಕೊಡಿ ಎಂದು ಟರ್ಮಿನಲ್ ಕಂಪನಿ ಇಂಟೆಲ್‌ಗೂ ಕೇಳಿತು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೂ ಕೇಳಿತು. ಎರಡನೆಯದು 1985ರಲ್ಲಿ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದ ಅದೇ ಕಂಪನಿ. ಅಲ್ಲಿ ಗ್ಯಾರಿ ಬೂನ್ ಅವರ ತಂಡ 1971ರಲ್ಲಿ ಟಿಎಂಎಕ್ಸ್ 1795 ಎಂಬ ಚಿಪ್ ಮಾಡಿತು. ಎಂಟು ಬಿಟ್‌ನ ಪ್ರೊಸೆಸರ್ ಒಂದೇ ಚಿಪ್‌ನಲ್ಲಿ ಮೂಡಿದ್ದು ಅಲ್ಲಿ, 8008 ಮಾರುಕಟ್ಟೆಗೆ ಬರುವುದಕ್ಕಿಂತ ಮೊದಲೇ. ಆದರೆ ಅದರ ಟ್ರಾನ್ಸಿಸ್ಟರ್‌ಗಳ ಗೇಟ್‌ಗಳು (ಟ್ರಾನ್ಸಿಸ್ಟರನ್ನು ತೆರೆದು ಮುಚ್ಚುವ ಭಾಗಗಳು) ಲೋಹದವು, ಚಿಪ್ ದೈತ್ಯಾಕಾರದ್ದು. ಇಂಟೆಲ್ ಬಳಸಿದ್ದು ಸಿಲಿಕಾನ್ ಗೇಟ್. ಫೇರ್‌ಚೈಲ್ಡ್ ಕಂಪನಿಯಲ್ಲಿದ್ದಾಗ 1968ರಲ್ಲಿ ಫ್ಯಾಜಿನ್ ಪಳಗಿಸಿದ ತಂತ್ರವದು. ಗೇಟ್ ತಾನೇ ತನ್ನ ಸರಿಯಾದ ಜಾಗದಲ್ಲಿ ಕೂರುವುದರಿಂದ ಟ್ರಾನ್ಸಿಸ್ಟರ್‌ಗಳನ್ನು ಒತ್ತೊತ್ತಾಗಿ ಇಡಬಹುದು, ವೇಗವೂ ಹೆಚ್ಚು. ಟಿಎಂಎಕ್ಸ್ 1795 ಯಾರಿಗೂ ಮಾರಾಟವಾಗದೆ ಮೂಲೆ ಸೇರಿತು.

ಇಂಟೆಲ್‌ನ ಕಡೆಯ ಕೆಲಸಕ್ಕೆ ಮೊದಲು 1201 ಎಂಬ ಸಂಖ್ಯೆ ಇತ್ತು. ಹ್ಯಾಲ್ ಫೀನಿ ಅದರ ವಿನ್ಯಾಸಕಾರ. ಸ್ವಲ್ಪ ಕಾಲ ನಿಂತುಹೋಗಿದ್ದ ಕೆಲಸ ಫ್ಯಾಜಿನ್ ಮೇಲ್ವಿಚಾರಣೆಯಲ್ಲಿ ಮತ್ತೆ ಚುರುಕಾಯಿತು. 4004 ಮತ್ತು 8008 ನಡುವಿನ ನಿಜವಾದ ನಂಟು ಇದೊಂದೇ: ಅದೇ ಜನ, ಅದೇ ತಯಾರಿಕಾ ತಂತ್ರ, ಸರ್ಕ್ಯೂಟ್ ಹೆಣೆಯುವ ಅದೇ ಕೈಚಳಕ. ಬಾಣದ ಬದಲು ಒಂದು ಚುಕ್ಕೆ ಗೆರೆ ಹಾಕಿ ‘ತಂತ್ರಜ್ಞಾನ’ ಎಂದು ಬರೆದರೆ ನನ್ನ ತಕರಾರಿಲ್ಲ.

ಅಷ್ಟರಲ್ಲಿ ಟರ್ಮಿನಲ್ ಕಂಪನಿಗೆ ಕಾಯುವ ತಾಳ್ಮೆ ಉಳಿದಿರಲಿಲ್ಲ. ಟಿಟಿಎಲ್ ಚಿಪ್‌ಗಳ ಬೆಲೆ ಇಳಿದಿತ್ತು, ವೇಗ ಏರಿತ್ತು. ಅವರು ಟಿಟಿಎಲ್‌ನಲ್ಲೇ ಟರ್ಮಿನಲ್ ಮಾರಲು ಆರಂಭಿಸಿದರು. ಎಂಟೂ ಬಿಟ್‌ಗಳನ್ನು ಒಟ್ಟಿಗೆ ಕೂಡುವ ಎರಡನೆಯ ಆವೃತ್ತಿಯೂ ಬಂತು. ಅದರ ಮುಂದೆ 8008 ನಿಧಾನ. ಸರಳವಾದ ಒಂದು ಆದೇಶಕ್ಕೂ ಅದಕ್ಕೆ ಸುಮಾರು 20 ಮೈಕ್ರೋಸೆಕೆಂಡ್ ಹಿಡಿಯುತ್ತಿತ್ತು. ಕೊನೆಗೆ ಅವರು ಚಿಪ್ ಬೇಡವೆಂದರು. ಅಭಿವೃದ್ಧಿಯ ಖರ್ಚು ಕೊಡುವ ಬದಲು, ತಾವು ರೂಪಿಸಿದ ಆದೇಶಗಳ ಸಮೇತ ಚಿಪ್ಪನ್ನು ಇಂಟೆಲ್ ಯಾರಿಗೆ ಬೇಕಾದರೂ ಮಾರಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಕಂಪ್ಯೂಟರ್ ಇತಿಹಾಸದಲ್ಲಿ ಇದಕ್ಕಿಂತ ದುಬಾರಿಯಾದ ಉಳಿತಾಯ ನನಗೆ ಗೊತ್ತಿಲ್ಲ. 1972ರ ಏಪ್ರಿಲ್‌ನಲ್ಲಿ 8008 ಮಾರುಕಟ್ಟೆಗೆ ಬಂತು: 3,500 ಟ್ರಾನ್ಸಿಸ್ಟರ್, 18 ಕಾಲು, 14 ಬಿಟ್ ವಿಳಾಸ. ಅದರಲ್ಲಿ ಬಿಟ್‌ಗಳು ಒಂದೊಂದಾಗಿ ಹರಿಯುವುದಿಲ್ಲ, ಎಂಟೂ ಒಟ್ಟಿಗೇ ಬರುತ್ತವೆ. ಕೆಳ ಬೈಟ್ ಮೊದಲು ಬರಲೇಬೇಕೆಂಬ ಅಗತ್ಯ ಅಲ್ಲಿರಲಿಲ್ಲ. ಆದರೂ ಗಿರಾಕಿಯ ಯಂತ್ರಕ್ಕೆ ಹೊಂದಬೇಕೆಂದು ಉಳಿಸಿಕೊಂಡ ಕ್ರಮ, ಗಿರಾಕಿ ಹೋದ ಮೇಲೂ ಉಳಿಯಿತು.

4004 ಇದರ ಪೂರ್ವಜನಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕೇ? ಪ್ರೋಗ್ರಾಂನಲ್ಲಿ ಬೇರೊಂದು ವಿಳಾಸಕ್ಕೆ ಹಾರಿಸುವ ‘ಜಂಪ್’ ಆದೇಶವನ್ನು 4004ರಲ್ಲಿ ನೋಡಿ. ಅದರಲ್ಲಿ 12 ಬಿಟ್‌ನ ವಿಳಾಸವಿದೆ. ಮೊದಲ ಬೈಟ್‌ನ ಅರ್ಧದಲ್ಲಿ ವಿಳಾಸದ ಮೇಲಿನ 4 ಬಿಟ್, ಎರಡನೆಯ ಬೈಟ್‌ನಲ್ಲಿ ಉಳಿದ 8 ಬಿಟ್. ಅಂದರೆ ನಾವು ಓದುವ ಕ್ರಮದಲ್ಲೇ, ಮೇಲಿನದು ಮೊದಲು. 8008ರ ಜಂಪ್‌ನಲ್ಲಿ ಆದೇಶದ ಬೈಟ್, ಆಮೇಲೆ ಕೆಳ ಬೈಟ್, ಕೊನೆಗೆ ಮೇಲಿನ ಬೈಟ್. 4004ರಲ್ಲಿ 4 ಬಿಟ್‌ನ 16 ರಿಜಿಸ್ಟರ್‌ಗಳಿವೆ, ಪ್ರೋಗ್ರಾಂಗೆ ಒಂದು ಮೆಮೊರಿ, ದತ್ತಾಂಶಕ್ಕೆ ಬೇರೆಯೇ ಮೆಮೊರಿ. 8008ರಲ್ಲಿ ಎರಡೂ ಒಂದೇ ಕಡೆ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದವರು ತಂದೆ ಮಗನೆಂದು ಹೇಳಲಾರರು.

8008ರಿಂದ ಮುಂದಿನ ದಾರಿ ನಿಮಗೆ ಪರಿಚಿತವೇ ಆಗಿರುತ್ತದೆ, ಹಾಗಾಗಿ ಬೇಗ ಹೇಳಿಬಿಡುತ್ತೇನೆ. 18 ಕಾಲುಗಳ 8008ರ ಸುತ್ತ ಹತ್ತಾರು ಸಹಾಯಕ ಚಿಪ್‌ಗಳು ಬೇಕಿದ್ದವು. ಫ್ಯಾಜಿನ್ ಮತ್ತು ಅಷ್ಟರಲ್ಲಿ ಇಂಟೆಲ್‌ನ ಉದ್ಯೋಗಿಯೇ ಆಗಿದ್ದ ಶಿಮಾ ಸೇರಿ 40 ಕಾಲುಗಳ 8080 ಮಾಡಿದರು. 1974ರ ಏಪ್ರಿಲ್‌ನಲ್ಲಿ ಅದು ಬಂತು. ನೀವು ಕೇಳಿದ ಎಲ್‌ಡಿಎ 8008ರಲ್ಲಿ ಇರಲೇ ಇಲ್ಲ. ಅಲ್ಲಿ ಮೆಮೊರಿ ಮುಟ್ಟಬೇಕೆಂದರೆ ಎಚ್ ಮತ್ತು ಎಲ್ ಮೂಲಕವೇ ಹೋಗಬೇಕಿತ್ತು. 8080ಕ್ಕೆ ಹೊಸದಾಗಿ ಎಲ್‌ಡಿಎ ಸೇರಿಸುವಾಗಲೂ ಜಂಪ್‌ನ ಹಳೆಯ ಕ್ರಮವನ್ನೇ ಅನುಸರಿಸಿದರು. ಹೀಗೆ ನಿಮ್ಮ 3ಎ 50 20 ಹುಟ್ಟಿತು. 1975ರ ಜನವರಿಯಲ್ಲಿ 397 ಡಾಲರಿನ ಆಲ್ಟೇರ್ 8800 ಕಿಟ್ ಈ ಚಿಪ್ಪನ್ನು ಹವ್ಯಾಸಿಗಳ ಮನೆಗೆ ತಂದಿತು. ಚಿಪ್ ಒಂದರ ಬಿಡಿ ಬೆಲೆಯೇ ಆಗ 360 ಡಾಲರ್. 8080ಕ್ಕೆ ಮೂರು ಬೇರೆ ಬೇರೆ ವೋಲ್ಟೇಜ್ ಕೊಡಬೇಕಿತ್ತು. 1976ರ 8085ಕ್ಕೆ 5 ವೋಲ್ಟ್ ಒಂದೇ ಸಾಕು, 8080ರ ಆದೇಶಗಳೆಲ್ಲ ಇದ್ದು ಮೇಲೆ ಎರಡು ಹೊಸವು. ಒಂದೇ ಸರಬರಾಜಿನಲ್ಲಿ ನಡೆಯುವ ಈ ಸರಳತೆ ಲ್ಯಾಬ್‌ಗೆ ಹೇಳಿ ಮಾಡಿಸಿದ್ದು. ಬೆಂಗಳೂರಿನಲ್ಲೇ ತಯಾರಾದ 8085 ಕಿಟ್‌ಗಳು ದಶಕಗಳ ಕಾಲ ನಮ್ಮ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಲ್ಯಾಬ್‌ಗಳಲ್ಲಿ ದುಡಿದಿವೆ.

ಇನ್ನೊಂದು ಗುರುತನ್ನೂ ತೋರಿಸಬೇಕು. ಪ್ರೋಗ್ರಾಂ ನಿಲ್ಲಿಸಲು ನೀವು 76 ಒತ್ತುತ್ತೀರಲ್ಲ, ಅದನ್ನು ಬಿಟ್‌ಗಳಲ್ಲಿ ಬರೆದು ನೋಡಿ: 01 110 110. ‘ಮೂವ್’ ಆದೇಶಗಳೆಲ್ಲ 01ರಿಂದ ಆರಂಭವಾಗುತ್ತವೆ. ನಂತರದ ಮೂರು ಬಿಟ್ ಎಲ್ಲಿಗೆ, ಕೊನೆಯ ಮೂರು ಬಿಟ್ ಎಲ್ಲಿಂದ ಎಂದು ಹೇಳುತ್ತವೆ. 110 ಎಂದರೆ ಮೆಮೊರಿ. ಹಾಗಾದರೆ 76 ಎಂದರೆ ಮೆಮೊರಿಯಿಂದ ಅದೇ ಮೆಮೊರಿಗೆ ಸಾಗಿಸು ಎಂದಾಯಿತು. ಅರ್ಥವಿಲ್ಲದ ಆ ಖಾಲಿ ಜಾಗವನ್ನು ‘ನಿಲ್ಲು’ ಎಂಬ ಆದೇಶಕ್ಕೆ ಕೊಟ್ಟಿದ್ದಾರೆ. 8008ರಲ್ಲಿ ಮೆಮೊರಿಯ ಸಂಕೇತ 111, ಮೂವ್‌ನ ಆರಂಭ 11. ಅಲ್ಲೂ ಎಂಟು ಬಿಟ್ ಎಲ್ಲವೂ 1 ಆದರೆ ‘ನಿಲ್ಲು’. ಸಂಖ್ಯೆ ಬದಲಾದರೂ ಉಪಾಯ ಅದೇ. ವಂಶವನ್ನು ಗುರುತಿಸಬೇಕಾದ್ದು ಇಂತಹ ಒಳಗುರುತುಗಳಿಂದ, ಬಿಡುಗಡೆಯಾದ ವರ್ಷಗಳ ಪಟ್ಟಿಯಿಂದ ಅಲ್ಲ.

ಕೆಳ ಬೈಟ್ ಮೊದಲು ಎಂಬುದು ಪ್ರಕೃತಿ ನಿಯಮವೇನೂ ಅಲ್ಲ. 1974ರ ಮೋಟರೋಲಾ 6800 ಮೇಲಿನ ಬೈಟನ್ನೇ ಮೊದಲು ಇಟ್ಟಿತು. ಆ ಕಂಪನಿಯನ್ನು ಬಿಟ್ಟು ಹೊರಬಂದ ಚಕ್ ಪೆಡಲ್ ಮತ್ತು ಗೆಳೆಯರು 1975ರಲ್ಲಿ 25 ಡಾಲರಿಗೆ ಮಾರಿದ 6502ರಲ್ಲಿ ಕ್ರಮ ಮತ್ತೆ ತಿರುಗಿತು. ಅದಕ್ಕೂ ಡೇಟಾಪಾಯಿಂಟ್‌ಗೂ ಸಂಬಂಧವಿಲ್ಲ. ವಿಳಾಸಕ್ಕೆ ಇಂಡೆಕ್ಸ್ (ಎಷ್ಟು ಸ್ಥಾನ ಮುಂದೆ ಎಂಬ ಸಂಖ್ಯೆ) ಕೂಡಿಸುವಾಗ ಕೆಳ ಬೈಟ್ ಮೊದಲೇ ಕೈಗೆ ಬಂದರೆ, ಮೇಲಿನ ಬೈಟ್ ತರುವಷ್ಟರಲ್ಲಿ ಕೂಡುವ ಕೆಲಸ ಮುಗಿದಿರುತ್ತದೆ, ಒಂದು ಕ್ಲಾಕ್ ಉಳಿಯುತ್ತದೆ.

‘ಮೊದಲ ಮೈಕ್ರೊಪ್ರೊಸೆಸರ್ ಯಾವುದು’ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ 4004 ಎಂದೇ ಬರೆಯಿರಿ, ಜೊತೆಗೆ ‘ಮುಕ್ತವಾಗಿ ಮಾರಾಟಕ್ಕೆ ಬಂದ’ ಎಂಬ ಎರಡು ಮೂರು ಪದ ಸೇರಿಸಿ. ಆ ಪದಗಳಿಲ್ಲದಿದ್ದರೆ ವಾದ ಏಳುತ್ತದೆ. ಲೀ ಬಾಯ್ಸೆಲ್ ಅವರ ಫೋರ್-ಫೇಸ್ ಕಂಪನಿ 1969ರಲ್ಲೇ ಎಎಲ್1 ಎಂಬ 8 ಬಿಟ್‌ನ ಚಿಪ್ ಮಾಡಿ ತನ್ನ ಕಂಪ್ಯೂಟರ್‌ಗಳಲ್ಲಿ ಬಳಸಿತು, ಬಿಡಿಯಾಗಿ ಮಾರಲಿಲ್ಲ. ಅಮೆರಿಕದ ಎಫ್-14 ಯುದ್ಧವಿಮಾನದ ಹಾರಾಟದ ಲೆಕ್ಕಗಳಿಗಾಗಿ ಸ್ಟೀವ್ ಗೆಲ್ಲರ್ ಮತ್ತು ರೇ ಹೋಲ್ಟ್ 1970ರಲ್ಲಿ ಮುಗಿಸಿದ 20 ಬಿಟ್‌ನ ಚಿಪ್‌ಗಳ ಗುಂಪು ಸೇನೆಯ ಗುಟ್ಟಾಗಿತ್ತು. ಅದರ ವಿವರ ಹೊರಬಂದದ್ದು 1998ರಲ್ಲಿ. ಯಾರೂ ನೋಡಲಾಗದ ಚಿಪ್‌ನಿಂದ ಯಾವ ವಂಶವೂ ಬೆಳೆಯಲಾರದು ಎಂಬುದು ನನ್ನ ಅಭಿಪ್ರಾಯ. ಅದನ್ನು ಮಾಡಿದವರ ಜಾಣ್ಮೆಗೆ ಇದರಿಂದ ಕುಂದೇನೂ ಇಲ್ಲ.

ಇನ್ನು ಕೊನೆಯ ಬಾಣ. 1978ರ 8086 ಬಂದಾಗ 8080ಕ್ಕೆ ಬರೆದ ಪ್ರೋಗ್ರಾಂಗಳನ್ನು ಸಾಲುಸಾಲಾಗಿ ಅನುವಾದಿಸಿ ಓಡಿಸಲು ಸಾಧ್ಯವಾಗಬೇಕೆಂಬುದು ಇಂಟೆಲ್‌ನ ಷರತ್ತಾಗಿತ್ತು. ಅದರ ಆದೇಶಗಳನ್ನು ರೂಪಿಸಿದ ಸ್ಟೀಫನ್ ಮೋರ್ಸ್ ಹಳೆಯ ರಿಜಿಸ್ಟರ್‌ಗಳಿಗೆ ಹೊಸ ಮನೆ ಹುಡುಕಿಕೊಟ್ಟರು: ಎ ಹೋಗಿ ಎಎಲ್ ಆಯಿತು, ಎಚ್‌ಎಲ್ ಜೋಡಿ ಬಿಎಕ್ಸ್ ಆಯಿತು, ಬಿಸಿ ಜೋಡಿ ಸಿಎಕ್ಸ್, ಡಿಇ ಜೋಡಿ ಡಿಎಕ್ಸ್. ಕೆಳ ಬೈಟ್ ಮೊದಲು ಎಂಬುದೂ ಜೊತೆಗೇ ಬಂತು. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಗೆ ಇದರ ತಮ್ಮ 8088ನ್ನು ಆರಿಸಿಕೊಂಡ ಮೇಲೆ, ಆ ಕ್ರಮ ಇಂದಿನ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳವರೆಗೂ ಇಳಿದು ಬಂದಿದೆ.

ನಿಮ್ಮ ಕಾಲೇಜಿನಲ್ಲಿ 8086 ಲ್ಯಾಬ್ ಇದ್ದರೆ ಇದನ್ನು ನೀವೇ ಪರೀಕ್ಷಿಸಬಹುದು. ‘ಎಲ್‌ಎಎಚ್‌ಎಫ್’ ಎಂಬ ಆದೇಶ ಕೊಡಿ. ಫ್ಲ್ಯಾಗ್‌ಗಳ (ಹಿಂದಿನ ಲೆಕ್ಕದ ಫಲ ಹೇಗಿತ್ತೆಂದು ಗುರುತಿಡುವ ಬಿಟ್‌ಗಳ) ಕೆಳ ಬೈಟ್ ಎಎಚ್ ರಿಜಿಸ್ಟರ್‌ಗೆ ಬರುತ್ತದೆ. 7ನೇ ಬಿಟ್‌ನಲ್ಲಿ ಸೈನ್, 6ರಲ್ಲಿ ಝೀರೊ, 4ರಲ್ಲಿ ಆಕ್ಸಿಲರಿ ಕ್ಯಾರಿ, 2ರಲ್ಲಿ ಪ್ಯಾರಿಟಿ, 0ಯಲ್ಲಿ ಕ್ಯಾರಿ. 8085ರ ಫ್ಲ್ಯಾಗ್ ಚಿತ್ರವನ್ನು ಪಕ್ಕದಲ್ಲಿಟ್ಟರೆ ಜಾಗಗಳು ಒಂದೂ ಕದಲಿಲ್ಲ. ಆಮೇಲೆ 1ನೇ ಬಿಟ್ ನೋಡಿ. ಏನೇ ಲೆಕ್ಕ ಮಾಡಿದರೂ ಅಲ್ಲಿ ಸದಾ 1 ಇರುತ್ತದೆ. 8080ರಲ್ಲೂ ಆ ಜಾಗದಲ್ಲಿ ಸದಾ 1 ಇತ್ತು. 8085 ಮಾತ್ರ ಅದನ್ನು ಕೈಪಿಡಿಯಲ್ಲಿ ಹೇಳದ ಬೇರೊಂದು ಫ್ಲ್ಯಾಗ್‌ಗೆ ಬಳಸಿಕೊಂಡಿತು. 8086 ಮತ್ತೆ 8080ರ ದಾರಿಗೇ ಮರಳಿತು. ಹಾಗಾಗಿ ನಿಮ್ಮ ಚಿತ್ರದಲ್ಲಿ 8086ಕ್ಕೆ ಹೋಗುವ ಬಾಣವನ್ನು 8085ರ ಬದಲು 8080ರಿಂದಲೇ ಎಳೆಯಿರಿ, 8085 ಪಕ್ಕದ ಕೊಂಬೆಯಾಗಿರಲಿ. 8008ರ ಹಿಂದೆ ಡೇಟಾಪಾಯಿಂಟ್ 2200 ಎಂದು ಬರೆಯಿರಿ.